ದುರ್ಗದ ಏರಿನಲ್ಲಿ ನಿಲ್ಲುತ್ತಿದ್ದ ಜಾವಾ: ಒಂದು ಪ್ರಕರಣ

ಗಾಡಿ 1967ರ ಜಾವಾ 250. ಹುಟ್ಟಿದ್ದು ಮೈಸೂರಿನಲ್ಲಿ, ಬಾಳಿದ್ದು ತಿಪಟೂರು ಪಕ್ಕದ ಒಂದು ತೆಂಗಿನ ತೋಟದಲ್ಲಿ, ಈಗ ಇರುವುದು ತುಮಕೂರಿನಲ್ಲಿ. ಮಾಲೀಕ ಮೂವತ್ತೈದರ ಆಸುಪಾಸಿನ ಹುಡುಗ. ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಗಾಡಿ ಅವನ ಅಪ್ಪನದು. ಅಪ್ಪ ಈಗಿಲ್ಲ.

ದೂರು ಏನೆಂದರೆ, ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ದೇವರಾಯನದುರ್ಗ ಬೆಟ್ಟದ ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಪಿಕಪ್ ಬಿಡುತ್ತದೆ, ಆಮೇಲೆ ನಿಂತೇಬಿಡುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ.

ಹಳೇ ಗಾಡಿ ಇಟ್ಟುಕೊಂಡವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಪಾರ್ಟ್ಸ್ ಸಿಗಲ್ಲ ಮಾರಾಯ." ಈ ಪ್ರಕರಣ ಅದಕ್ಕೆ ಉಲ್ಟಾ. ಈ ಗಾಡಿಗೆ ಬೇಕಾದ್ದಕ್ಕಿಂತ ಜಾಸ್ತಿ ಪಾರ್ಟ್ಸ್ ಸಿಕ್ಕಿತ್ತು. ಹೊಸದು ಹಾಕಿ ಹಾಕಿಯೇ ರೋಗ ಬಂದಿತ್ತು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿಯ ಜಾತಕ

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಜೆಕ್ ದೇಶದ ಜಾವಾ ಕಂಪನಿಯ ಪರವಾನಗಿ ಪಡೆದು ಮೊದಲು ಇಲ್ಲಿ ಮಾಡಿದ್ದು ಟೈಪ್ 353 ಅನ್ನುವ ಮಾಡೆಲ್. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರಿನಲ್ಲಿ ಹೊಸ ಗಾಡಿಗಳು ಬಂದವು, ಆದರೆ ಅವು ನೀರಿನಿಂದ ತಣ್ಣಗಾಗುವ ಫೋರ್ ಸ್ಟ್ರೋಕ್ ಎಂಜಿನ್ನಿನವು. ಹಳೇ ಗಾಡಿಗೆ ಅದರ ಎಂಜಿನ್ನಿನ ಒಂದು ಬೋಲ್ಟೂ ಉಪಯೋಗಕ್ಕೆ ಬರಲ್ಲ ಅಂತ ಇಟ್ಟುಕೊಳ್ಳಿ.

ಟೈಪ್ 353 ಎಂಜಿನ್ 248.5 ಸಿಸಿ. ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75 ಮಿ.ಮೀ. ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಹೊಗೆ ಹೋಗುವ ದಾರಿ ಎರಡು. ಅದಕ್ಕೇ ಒಂಟಿ ಸಿಲಿಂಡರ್ ಗಾಡಿಗೆ ಎರಡು ಸೈಲೆನ್ಸರ್. ಗೇರ್ ಲಿವರೇ ಕಿಕ್ಕರ್ ಕೂಡ: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಗೇರ್ ಹಾಕುವಾಗ ಆ ಲಿವರೇ ಕ್ಲಚ್ಚನ್ನೂ ಬಿಡಿಸುತ್ತದೆ, ಕೈ ಕ್ಲಚ್ ಹಿಡಿಯದೆಯೂ ಗೇರ್ ಬದಲಾಗುತ್ತದೆ. ಅರವತ್ತರ ದಶಕದ ಗಾಡಿಯಲ್ಲಿ ಇದೆಲ್ಲ ಇತ್ತು ಅಂದರೆ ಈಗಿನ ಹುಡುಗರು ನಂಬಲ್ಲ.

ನಮ್ಮ ಪ್ರಕರಣಕ್ಕೆ ಮುಖ್ಯವಾದ ಸಂಗತಿ ಬೇರೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್, ಆಯಿಲ್, ಗಾಳಿ ಮೂರೂ ಮೊದಲು ಹೋಗುವುದು ಪಿಸ್ಟನ್ ತಿರುಗಿಸುವ ದಂಡ (ಕ್ರ್ಯಾಂಕ್) ಇರುವ ಕೆಳಗಿನ ಕೋಣೆಗೆ. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಎಳೆತ, ಕೆಳಗೆ ಬಂದಾಗ ಒತ್ತಡ. ಹಾಗಾಗಿ ಆ ಕೋಣೆ ಗಾಳಿ ಆಡದ ಹಾಗೆ ಮುಚ್ಚಿರಬೇಕು. ಕ್ರ್ಯಾಂಕಿನ ಎರಡೂ ತುದಿಗೆ ಒಂದೊಂದು ರಬ್ಬರ್ ಸೀಲ್ ಇರುವುದು ಅದಕ್ಕೇ. ಎಡಗಡೆ ಸೀಲಿನ ಆಚೆ ಕ್ಲಚ್ಚು, ಪ್ರೈಮರಿ ಚೈನು, ಗೇರ್ ಆಯಿಲ್. ಬಲಗಡೆ ಸೀಲಿನ ಆಚೆ ಡೈನಮೋ, ಸ್ಪಾರ್ಕಿನ ಪಾಯಿಂಟ್, ಬರೀ ಗಾಳಿ.

ಎಡಗಡೆ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ. ಬೀದಿ ತುಂಬ ಬಿಳಿ ಹೊಗೆ, ಅಕ್ಕಪಕ್ಕದವರಿಗೂ ಗೊತ್ತಾಗುತ್ತದೆ. ಬಲಗಡೆ ಸೀಲ್ ಹೋದರೆ ಬರೀ ಗಾಳಿ ಒಳಗೆ ಬರುತ್ತದೆ. ಹೊಗೆ ಇಲ್ಲ, ಸೋರಿಕೆ ಇಲ್ಲ, ಯಾರಿಗೂ ಏನೂ ಕಾಣಲ್ಲ.

ನಮ್ಮ ಕೈಗೆ ಬಂದಾಗ

ತೋಟದ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಗಾಡಿ ಸುಮಾರು ವರ್ಷ ನಿಂತಿತ್ತು. ಎಂಜಿನ್ ಜಾಮ್ ಆಗಿತ್ತು, ಟ್ಯಾಂಕ್ ತುಂಬ ತುಕ್ಕು. ಹುಡುಗ ಅದನ್ನು ಬೇರೆ ಊರಿನ ಒಂದು ರೆಸ್ಟೋರೇಷನ್ ಗ್ಯಾರೇಜಿಗೆ ಕೊಟ್ಟು ಪೂರ್ತಿ ಹೊಸದು ಮಾಡಿಸಿದ್ದ. ಖರ್ಚು ಒಂದೂವರೆ ಲಕ್ಷದ ಹತ್ತಿರ. ನೋಡಲು ಗಾಡಿ ಸೊಗಸಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಮರೂನ್ ಬಣ್ಣ, ಟ್ಯಾಂಕಿನ ಪಕ್ಕದಲ್ಲಿ ಕ್ರೋಮ್, ಕೈಯಲ್ಲೇ ಎಳೆದ ಬಂಗಾರದ ಗೆರೆ. ಮದುವೆ ಮನೆ ಮುಂದೆ ನಿಲ್ಲಿಸಿದರೆ ಜನ ಗಂಡನ್ನು ಬಿಟ್ಟು ಗಾಡಿ ನೋಡುತ್ತಾರೆ.

ಬೆಟ್ಟದಲ್ಲಿ ನಿಂತ ಮೇಲೆ ಅದೇ ಗ್ಯಾರೇಜಿನಲ್ಲಿ ಸ್ಪಾರ್ಕ್ ಕೊಡುವ ಸಾಮಾನುಗಳಲ್ಲಿ ಮೊದಲು ಕಾಯಿಲ್ ಬದಲಾಯಿಸಿದರು. ಆಮೇಲೆ ಕಂಡೆನ್ಸರ್. ಆಮೇಲೆ ಪಾಯಿಂಟ್ ಸೆಟ್, ಪ್ಲಗ್, ಕೊನೆಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್. ಪ್ರತಿ ಸಲವೂ ಸಮತಟ್ಟಿನಲ್ಲಿ ಒಂದು ರೌಂಡ್ ಹೊಡೆದು "ಈಗ ಸರಿಹೋಯ್ತು" ಅಂದರು. ಕೊನೆಯ ಸಲ ಬಂದ ಉತ್ತರ, "ಹಳೇ ಗಾಡಿ ಅಲ್ವಾ ಸಾರ್, ಹಂಗೇ ಅದು." ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದೇ ಗಾಡಿ ಅವನ ಅಪ್ಪನನ್ನೂ ಅಮ್ಮನನ್ನೂ ಕೂರಿಸಿಕೊಂಡು, ಹಿಂದೆ ಒಂದು ಮೂಟೆಯನ್ನೂ ಕಟ್ಟಿಕೊಂಡು, ಅದೇ ದುರ್ಗ ಹತ್ತುತ್ತಿತ್ತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ, ಎರಡೂ ದರ್ಶನ ಮುಗಿಸಿ ವಾಪಸ್. ಅವನಮ್ಮ ಈಗಲೂ ಅದನ್ನು ಹೇಳುತ್ತಾರೆ. "ಆಗ ಇದು ಹೊಸದಾ ಅಮ್ಮ?" ಅಂತ ಕೇಳಿದೆ. "ಎಲ್ಲಿ ಬಂತಪ್ಪ, ಆಗಲೇ ಇಪ್ಪತ್ತು ವರ್ಷ ಆಗಿತ್ತು" ಅಂದರು.

ಹುಡುಗ ಒಂದು ಕೆಲಸ ಮಾತ್ರ ಬಹಳ ಚೆನ್ನಾಗಿ ಮಾಡಿದ್ದ. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಜಗಳ ಆಡಿ ವಾಪಸ್ ತಂದಿದ್ದ. ಒಂದು ಗೋಣಿಚೀಲದ ತುಂಬ. ಒರಿಜಿನಲ್ ಸ್ಪೀಡೋಮೀಟರ್ ಮಾತ್ರ ಅದರಲ್ಲಿ ಇರಲಿಲ್ಲ. ಒಳ್ಳೇ ಸ್ಥಿತಿಯ ಹಳೇ ಮೀಟರ್ ಇಂಥ ಕಡೆ "ಕಳೆದುಹೋಗುವುದು" ಅಪರೂಪವೇನಲ್ಲ, ಅಷ್ಟು ಹೇಳಿ ಸುಮ್ಮನಾಗುತ್ತೇನೆ.

ದುಡ್ಡಿಲ್ಲದ ಪರೀಕ್ಷೆಗಳು ಮೊದಲು

ಬಿಸಿಯಾದಾಗ ನಿಂತು ತಣ್ಣಗಾದಾಗ ಓಡುವ ಗಾಡಿಗೆ ಅನುಮಾನಪಡುವ ಜಾಗ ಬಹಳ ಇಲ್ಲ. ಬಿಸಿಗೆ ಸತ್ತುಹೋಗುವ ಕಂಡೆನ್ಸರ್ ಅಥವಾ ಕಾಯಿಲ್. ಪೆಟ್ರೋಲ್ ಸಾಲದೆ ಬರುವುದು. ಎಂಜಿನ್ ಒಳಗೇ ಬಿಗಿಯಾಗುವುದು. ಇವು ಮೂರನ್ನೂ ಬೇರೆ ಮಾಡಿ ನೋಡಲು ಒಂದು ಪಾರ್ಟೂ ಕೊಳ್ಳಬೇಕಾಗಿಲ್ಲ. ಆದರೆ ಗಾಡಿ ನಿಂತ ಜಾಗದಲ್ಲೇ, ನಿಂತ ಕೂಡಲೇ ನೋಡಬೇಕು. ಗ್ಯಾರೇಜಿಗೆ ತಳ್ಳಿಕೊಂಡು ಬರುವಷ್ಟರಲ್ಲಿ ರೋಗಿ ಎದ್ದು ಕೂತಿರುತ್ತಾನೆ.

ಅದಕ್ಕೆ ನಾವೇ ಬೇಕಂತ ದುರ್ಗಕ್ಕೆ ಹೊರಟೆವು. ಜೇಬಿನಲ್ಲಿ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಒಂದು ದಪ್ಪ ಬಟ್ಟೆ. ನಿರೀಕ್ಷೆ ಇದ್ದ ತಿರುವಿನಲ್ಲೇ ನಿಂತಿತು. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದೆವು. ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದ್ದರೆ ಪೆಟ್ರೋಲ್ ಇಳಿಯಲ್ಲ, ತೆಗೆದ ಕೂಡಲೇ ಗಾಳಿ ಎಳೆದ ಸದ್ದು ಬರುತ್ತದೆ. ಬರಲಿಲ್ಲ. ಕಾರ್ಬೊರೇಟರಿನ ಪೈಪ್ ಬಿಚ್ಚಿದರೆ ಪೆಟ್ರೋಲ್ ಧಾರಾಳವಾಗಿ ಬಂತು. ಹೊಸ ಪ್ಲಗ್ ಸಿಕ್ಕಿಸಿ, ಸಿಲಿಂಡರಿಗೆ ತಾಗಿಸಿ ಕಿಕ್ ಹೊಡೆದರೆ ಸ್ಪಾರ್ಕ್ ನೀಲಿ, ಗಟ್ಟಿ. ಅಲ್ಲಿಗೆ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಮೂರಕ್ಕೂ ಸುರಿದ ದುಡ್ಡು ನೀರಿನಲ್ಲಿ ಹೋಮ ಅಂತ ಗೊತ್ತಾಯಿತು.

ಸುಳಿವು ಸಿಕ್ಕಿದ್ದು ಕಾಲಿಗೆ. ಪ್ಲಗ್ ಹೊರಗಿದ್ದಾಗ ಕಿಕ್ಕರ್ ಯಾವ ತಡೆಯೂ ಇಲ್ಲದೆ ಸಲೀಸಾಗಿ ಇಳಿಯಬೇಕು. ಇಳಿಯಲಿಲ್ಲ, ತಡೆತಡೆದು ಇಳಿಯಿತು. ಪಿಸ್ಟನ್ ಬಿಗಿಯಾಗಿತ್ತು. ತೆಗೆದ ಪ್ಲಗ್ ನೋಡಿದರೆ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಎಂಜಿನ್ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ತಗೊಂಡು ಸುಡುತ್ತಿದೆ ಅಂತ ಅರ್ಥ. ಆಗ ಹುಡುಗ ಇನ್ನೊಂದು ಮಾತು ಹೇಳಿದ: "ಅಣ್ಣ, ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಒಂದೊಂದ್ಸಲ ರೈಸ್ ಇಳಿಯಲ್ಲ. ಕೇಬಲ್ ಇರಬೇಕು ಅಂತ ಎರಡು ಸಲ ಬದಲಾಯಿಸಿದ್ರು."

ಕೇಬಲ್ ಅಲ್ಲ. ಕಾರ್ಬೊರೇಟರ್ ಮುಚ್ಚಿದ ಮೇಲೂ ಎಂಜಿನ್ನಿಗೆ ಬೇರೆಲ್ಲಿಂದಲೋ ಗಾಳಿ ಸಿಗುತ್ತಿತ್ತು.

ಬಿಪಿ ಮಿಷನ್ನು

ಗಾಳಿ ಎಲ್ಲಿಂದ ಅಂತ ಹುಡುಕಲು ಟೂ ಸ್ಟ್ರೋಕಿನವರ ಹತ್ತಿರ ಒಂದು ಒಳ್ಳೇ ಉಪಾಯ ಇದೆ. ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ, ಒತ್ತಡ ನಿಲ್ಲುತ್ತದಾ ನೋಡುವುದು. ಸುಮಾರು 6 ಪಿಎಸ್‌ಐ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಸರಿಯಿರುವ ಸೀಲೂ ಎದ್ದು ಬರಬಹುದು. ಟೈರ್ ಪಂಪಿನಲ್ಲಿ ಅಷ್ಟು ಕಡಿಮೆ ಒತ್ತಡ ಅಳೆಯುವುದು ಕಷ್ಟ. ಆದರೆ ರಕ್ತದೊತ್ತಡ ನೋಡುವ, ಕೈಯಲ್ಲಿ ಅಮುಕುವ ಬಲ್ಬ್ ಇರುವ ಬಿಪಿ ಮಿಷನ್ನಿನ ಮುಳ್ಳು 300ರವರೆಗೆ ಹೋಗುತ್ತದಲ್ಲ, ಆ 300 ಅಂದರೆ ಹೆಚ್ಚುಕಡಿಮೆ 6 ಪಿಎಸ್‌ಐ. ಹೇಳಿ ಮಾಡಿಸಿದ ಹಾಗೆ. ಎಲೆಕ್ಟ್ರಾನಿಕ್ ಮಿಷನ್ ನಡೆಯಲ್ಲ.

ಸೈಲೆನ್ಸರ್ ಪೈಪು ಎರಡೂ ಬಿಚ್ಚಿದೆವು. ಹಳೇ ಲಾರಿ ಟ್ಯೂಬಿನ ರಬ್ಬರ್ ಕತ್ತರಿಸಿ ತಗಡಿನ ಜೊತೆ ಬಿಗಿದು ಎರಡೂ ಪೋರ್ಟ್ ಮುಚ್ಚಿದೆವು. ಕಾರ್ಬೊರೇಟರ್ ಜಾಗಕ್ಕೆ ಇನ್ನೊಂದು ತಗಡು, ಅದರಲ್ಲಿ ಒಂದು ಸೈಕಲ್ ಟ್ಯೂಬಿನ ವಾಲ್ವು, ಆ ವಾಲ್ವಿಗೆ ಬಿಪಿ ಮಿಷನ್ನಿನ ಪೈಪು. ಪಿಸ್ಟನ್ ಆ ಬಾಯಿಗೆ ಅಡ್ಡ ಬರದ ಹಾಗೆ ತಿರುಗಿಸಿಟ್ಟು ಅಮುಕಿದೆವು. ಮುಳ್ಳು 200 ದಾಟಿತು. ಬಿಟ್ಟರೆ ನೋಡುನೋಡುತ್ತಲೇ ಇಳಿಯಿತು.

ಸೋಪಿನ ನೀರು ಬ್ರಷ್ಷಿನಲ್ಲಿ ಹಚ್ಚುತ್ತಾ ಹೋದೆವು. ಸಿಲಿಂಡರ್ ಬುಡ ಸರಿ, ಹೆಡ್ ಸರಿ. ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ಪದರ ಕಟ್ಟಿದೆವು. ಎಡಗಡೆ ಸೀಲ್ ಸೋರಿದರೆ ಅದು ಉಬ್ಬಬೇಕು, ಉಬ್ಬಲಿಲ್ಲ. ಡೈನಮೋ ಬಿಚ್ಚಿ ಅದರ ಹಿಂದಿನ ಸೀಲಿಗೆ ಹಚ್ಚಿದರೆ, ಕ್ರ್ಯಾಂಕಿನ ಸುತ್ತ ಅರ್ಧ ಭಾಗಕ್ಕೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಎದ್ದವು.

ಸೀಲ್ ಹೊಸದು! ಅಳತೆಯೂ ಸರಿ. ಹಾಗಾದರೆ? ಸೀಲ್ ತೆಗೆದು, ಅದರ ತುಟಿ ಉಜ್ಜುವ ಜಾಗದ ಉಕ್ಕಿನ ಮೇಲೆ ಉಗುರು ಎಳೆದರೆ ಉಗುರು ಸಿಕ್ಕಿಕೊಂಡಿತು. ಅಲ್ಲೊಂದು ಕಾಲುವೆ ಬಿದ್ದಿತ್ತು. ವರ್ಷಗಟ್ಟಲೆ ತೋಟದ ದೂಳು ಹಿಡಿದ ರಬ್ಬರ್ ಉಕ್ಕನ್ನೇ ಸವೆಸುತ್ತದೆ. ಹೊಸ ಸೀಲನ್ನು ಅದೇ ಜಾಗಕ್ಕೆ ಹಾಕಿದರೆ ತುಟಿ ಸರಿಯಾಗಿ ಆ ಕಾಲುವೆಯೊಳಗೇ ಬಂದು ಕೂರುತ್ತದೆ. ಹೊಸ ಪಾರ್ಟ್ ಹಾಕಿದ್ದೇನೋ ನಿಜ, ಅದು ಕೆಲಸ ಮಾಡುವ ಜಾಗವನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಬ್ಬ ಲೇತ್ ಮೇಸ್ತ್ರಿ ಇದನ್ನು ನೋಡಿ ಕ್ರ್ಯಾಂಕ್ ಬಿಚ್ಚುವುದೇ ಬೇಡ ಅಂದರು. ಸೀಲಿನ ಹಿಂದೆ ಕೂರುವ ಹಾಗೆ ಒಂದು ತೆಳ್ಳನೆ ರಿಂಗ್ ಮಾಡಿಕೊಟ್ಟರು. ಸೀಲ್ ಒಂದೂವರೆ ಮಿಲಿಮೀಟರ್ ಹೊರಗೆ ಬಂತು, ತುಟಿ ಸವೆಯದ ಉಕ್ಕಿನ ಮೇಲೆ ಕೂತಿತು. ಮತ್ತೆ ಗಾಳಿ ತುಂಬಿದರೆ ಮುಳ್ಳು ಅಲುಗಾಡಲಿಲ್ಲ. ರಿಂಗಿನ ಖರ್ಚು ಒಂದು ಹೊತ್ತಿನ ಬಿರಿಯಾನಿಯಷ್ಟು.

ಪಿಸ್ಟನ್ ಮತ್ತು ಬೋರ್

ಇಷ್ಟಕ್ಕೇ ಬಿಡಲಿಲ್ಲ. ಬಿಗಿಯಾಗಿದ್ದ ಪಿಸ್ಟನ್ ನೋಡಲೇಬೇಕಿತ್ತು. ಸಿಲಿಂಡರ್ ಎತ್ತಿದರೆ ಹೊಗೆ ಹೋಗುವ ಕಡೆ ಉದ್ದುದ್ದ ಗೆರೆ ಬಿದ್ದಿದ್ದವು. ಸಿಲಿಂಡರನ್ನು ಹೊಸದಾಗಿ ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿದ್ದರು. ಸಂದು ಅಳೆಯುವ ಫೀಲರ್ ಗೇಜಿನ 0.05 ಮಿ.ಮೀ. ಪಟ್ಟಿ ಪಿಸ್ಟನ್ನಿಗೂ ಗೋಡೆಗೂ ನಡುವೆ ತೂರಲಿಲ್ಲ.

ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಬೀಡು ಕಬ್ಬಿಣ. ಅದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ತಣ್ಣಗಿದ್ದಾಗ ಚೂರು ಸಂದು ಬಿಡದಿದ್ದರೆ ಬಿಸಿಯಲ್ಲಿ ಪಿಸ್ಟನ್ ಹೋಗಲು ಜಾಗವೇ ಇರಲ್ಲ. ಬೋರ್ ಮಾಡುವವರು ದಿನಾ ಮಾಡುವುದು ಈಗಿನ ಗಾಡಿಗಳನ್ನು, ಅವುಗಳ ಸಂದು ಕಡಿಮೆ. ಅದೇ ಅಭ್ಯಾಸದಲ್ಲಿ ಹಳೇ ಜಾವಾ ಮಾಡಿದರೆ ಗಾಡಿ ಬೆಟ್ಟದಲ್ಲಿ ಅಳುತ್ತದೆ. ಗೆರೆ ಹೋಗುವಷ್ಟು ಹೋನಿಂಗ್ (ಒಳಗೋಡೆ ನುಣ್ಣಗೆ ಉಜ್ಜುವುದು) ಮಾಡಿಸಿ, ಸಂದನ್ನು 0.08 ಮಿ.ಮೀ.ಗೆ ತಂದೆವು. ಪಿಸ್ಟನ್ ಅದೇ ಉಳಿಯಿತು. ನನ್ನ ಕೈಯ ಲೆಕ್ಕ ಇದು, ಬೇರೆಯವರು ಸ್ವಲ್ಪ ಆಚೀಚೆ ಹೇಳಬಹುದು.

ಕಾರ್ಬೊರೇಟರ್ ಹುಡುಕಾಟ

ಗಾಡಿಗೆ ಕೂರಿಸಿದ್ದು ಬೇರೆ ಯಾವುದೋ ಗಾಡಿಯ ಕಾರ್ಬೊರೇಟರ್. ಅದು ಓಡಿಸುತ್ತದೆ, ಸುಳ್ಳು ಹೇಳಬಾರದು. ಆದರೆ ಅದರ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಇನ್ನೊಂದು ಎಂಜಿನ್ನಿನ ಲೆಕ್ಕದ್ದು. ಜೊತೆಗೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ, ಹಳೇ ಜೆಟ್ಟಿನಲ್ಲಿ ಎಂಜಿನ್ನಿಗೆ ಇಂಧನ ಇನ್ನಷ್ಟು ಕಡಿಮೆ ಬಿದ್ದ ಹಾಗೆ. ಈ ಗಾಡಿಗೆ ಬೆಳ್ಳಗಿನ ಪ್ಲಗ್ ಬರಲು ಸೀಲ್ ಒಂದೇ ಕಾರಣ ಅಲ್ಲ, ಇದೂ ಸೇರಿತ್ತು.

ಗೋಣಿಚೀಲ ಸುರಿದಾಗ ತಳದಲ್ಲಿ ಸಿಕ್ಕಿತು ಒರಿಜಿನಲ್ ಜಿಕೋವ್ ಕಾರ್ಬೊರೇಟರ್. ಜೆಕ್ ದೇಶದ್ದು. ಬಾಡಿ ಗಟ್ಟಿಮುಟ್ಟಾಗಿತ್ತು, ಒಳಗೆ ಮೇಲೆ ಕೆಳಗೆ ಆಡುವ ಸ್ಲೈಡ್ ಮಾತ್ರ ಸವೆದು ಲಟಲಟ ಅನ್ನುತ್ತಿತ್ತು. ಅಂದರೆ ಬೇಕಾಗಿದ್ದು ಒಂದು ಸ್ಲೈಡ್ ಅಷ್ಟೇ.

ಹುಡುಗ ಅಷ್ಟರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದ್ದ. "ಬಿಡಿ ಸ್ಲೈಡ್ ಎಲ್ಲಿ ಸಿಗುತ್ತೆ ಸಾರ್, ಪೂರ್ತಿ ಸೆಟ್ ತಗೊಳ್ಳಿ" ಅಂದಿದ್ದರು. ಸೆಟ್ ಅಂದರೆ ಈಗ ಮಾಡುವ ನಕಲು. ಪಳಪಳ ಹೊಳೆಯುತ್ತದೆ. ನಕಲು ಎಲ್ಲವೂ ಕೆಟ್ಟದು ಅಂತ ನಾನು ಹೇಳಲ್ಲ. ರಬ್ಬರ್, ಕೇಬಲ್, ಲೈಟಿನ ಗಾಜು ಇಂಥದಕ್ಕೆ ನಕಲು ಧಾರಾಳವಾಗಿ ಆಗುತ್ತದೆ. ಆದರೆ ನೂರರಲ್ಲಿ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಕೆಲಸ ಮಾಡುವ ಪಾರ್ಟಿಗೆ, ಸವೆದ ಒರಿಜಿನಲ್ ರಿಪೇರಿ ಮಾಡಿಸುವುದೇ ವಾಸಿ ಅನ್ನುವುದು ನನ್ನ ಅನುಭವ.

ಕೊನೆಗೆ ಸಿಕ್ಕಿದ್ದು ತಿಪಟೂರಿನಲ್ಲೇ. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಹೋದರೆ, ಊರಿನಲ್ಲಿ ಕೆಲಸ ಬಿಟ್ಟು ಮನೆಯಲ್ಲಿರುವ ಒಬ್ಬ ಹಳೇ ಮೆಕ್ಯಾನಿಕ್ಕು. ಸುತ್ತಮುತ್ತಲಿನ ಕೊಬ್ಬರಿ ವ್ಯಾಪಾರಿಗಳ ಜಾವಾ, ಯೆಜ್ಡಿ ಎಲ್ಲ ಒಂದು ಕಾಲಕ್ಕೆ ಅವರ ಕೈಯಲ್ಲೇ. ಹುಡುಗನ ಅಪ್ಪನ ಹೆಸರು ಹೇಳಿದ ಕೂಡಲೇ "ಓ, ಎಡಗಾಲಿನ ಬೂಟು ಮಾತ್ರ ಸವೆಯೋರು" ಅಂದರು. ಜಾವಾ ಗೇರು, ಕಿಕ್ಕರು ಎರಡೂ ಎಡಗಡೆಯೇ ಅಲ್ವಾ.

ಮಂಚದ ಕೆಳಗಿಂದ ಒಂದು ಬಿಸ್ಕತ್ ಡಬ್ಬ ಎಳೆದರು. ಸೀಮೆಎಣ್ಣೆ ವಾಸನೆ. ಒಳಗೆ ಹಳೇ ಬಟ್ಟೆಯಲ್ಲಿ ಸುತ್ತಿದ ಜೆಟ್‌ಗಳು, ಪಾಯಿಂಟ್‌ಗಳು, ಒಂದು ಡೈನಮೋ ಬ್ರಷ್, ಮತ್ತೆ ಬಾಡಿ ಒಡೆದ ಎರಡು ಜಿಕೋವ್. "ಬಾಡಿ ಹೋಗಿದೆ ಕಣಪ್ಪ, ಯಾರಿಗೂ ಬೇಡ ಅಂತ ಇಟ್ಟಿದ್ದೆ." ಎರಡರ ಸ್ಲೈಡೂ ತೆಗೆದು ವರ್ನಿಯರಿನಲ್ಲಿ ಅಳೆದೆವು. ಒಂದು ಸವೆದಿತ್ತು. ಇನ್ನೊಂದು ನಮ್ಮ ಬಾಡಿಗೆ ಹಾಕಿ, ಬಾಯಿ ಬೆರಳಲ್ಲಿ ಮುಚ್ಚಿ ಬಿಟ್ಟರೆ ತಟಕ್ಕನೆ ಬೀಳದೆ ಮೆಲ್ಲಗೆ ಇಳಿಯಿತು. ಆ ಹಳೇ ಮೆಕ್ಯಾನಿಕ್ ಮೇಸ್ತ್ರಿ ಅದನ್ನು ಕಿವಿ ಹತ್ತಿರ ಹಿಡಿದು ಒಂದು ಸಲ ಆಡಿಸಿ, "ಇದು ನಿಮ್ಮದೇ" ಅಂದರು.

"ಎಷ್ಟು ಕೊಡಲಿ ಮೇಸ್ತ್ರಿ?"

"ನಿಮ್ಮಪ್ಪ ಕೊಟ್ಟ ಕಾಯಿ ಬಹಳ ತಿಂದಿದ್ದೀನಿ. ಪೆಟ್ರೋಲಿಗೆ 2ಟಿ ಆಯಿಲ್ ಸರಿಯಾಗಿ ಹಾಕು, ಸಾಕು."

ಆ ಲೆಕ್ಕವನ್ನೂ ಅವರೇ ಹೇಳಿದರು: ಎಂಜಿನ್ ಪಳಗುವವರೆಗೆ ಲೀಟರಿಗೆ 50 ಎಂ.ಎಲ್., ಆಮೇಲೆ 40. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಕೊಳ್ಳಲು ಎಥನಾಲಿನ ಕಾರಣ ನಾನು ಹೇಳಿದೆ. ಅವರು ಅದನ್ನು ನಂಬದಿದ್ದರೂ ಜೆಟ್ ಕೊಟ್ಟರು.

ಪಾರ್ಟ್ಸ್ ಹುಡುಕುವವರಿಗೆ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಬೇರಿಂಗು, ಸೀಲಿಗೆ "ಜಾವಾದ್ದು ಕೊಡಿ" ಅಂತ ಅಂಗಡಿಯಲ್ಲಿ ಕೇಳಲೇಬೇಡಿ. ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ, ಆ ನಂಬರ್ ಪ್ರಪಂಚಕ್ಕೆಲ್ಲ ಒಂದೇ. 6204 ಅಂದರೆ ಕೊನೆಯ 04ನ್ನು ಐದರಿಂದ ಗುಣಿಸಿ: ಒಳವ್ಯಾಸ 20 ಮಿ.ಮೀ. ಹೊರಗೆ 47, ದಪ್ಪ 14. ನೀರೆತ್ತುವ ಮೋಟಾರಿಗೆ ಬೇರಿಂಗ್ ಮಾರುವ ಬಿ.ಎಚ್. ರಸ್ತೆಯ ಅಂಗಡಿಯಲ್ಲೇ ಹಳೇ ಗಾಡಿಯದೂ ಸಿಗುತ್ತದೆ, ಅದೂ ಮಾಮೂಲಿ ಬೆಲೆಗೆ. ಸೀಲಿಗೂ ಒಳಸುತ್ತು, ಹೊರಸುತ್ತು, ದಪ್ಪ ಮೂರು ಅಳತೆ ಹೇಳಿದರೆ ಸಾಕು. "ವಿಂಟೇಜ್" ಅನ್ನುವ ಪದ ಬಾಯಿಂದ ಬಿದ್ದ ಕೂಡಲೇ ರೇಟು ಮೂರು ಪಟ್ಟಾಗುತ್ತದೆ.

ಇನ್ನೊಂದು. ಗುಜರಿಯಲ್ಲಿ ಎಂಜಿನ್ ಕೇಸ್ ಅಗ್ಗಕ್ಕೆ ಸಿಕ್ಕಿತು ಅಂತ ಹೊತ್ತು ತರಬೇಡಿ. ಅದರ ಮೇಲೆ ನಂಬರ್ ಇದೆ, ಆ ನಂಬರಿಗೆ ಒಂದು ಆರ್‌ಸಿ ಇದೆ, ಆ ಆರ್‌ಸಿಗೆ ಒಬ್ಬ ಯಜಮಾನ ಇದ್ದಾನೆ. ಮಾರುವವನ ಹತ್ತಿರ ಕಾಗದ ಇಲ್ಲದಿದ್ದರೆ ಕೈಮುಗಿದು ಎದ್ದು ಬನ್ನಿ.

ಮತ್ತೆ ದುರ್ಗ

ಮೊದಲ ಕೆಲವು ದಿನ ನಿಧಾನವಾಗಿ ಊರೊಳಗೇ ಓಡಿಸಿ ಪಿಸ್ಟನ್ ಪಳಗಿಸಿದ್ದಾಯಿತು. ಆಮೇಲೆ ಬಿಸಿಲು ಚುರುಗುಟ್ಟುವ ಮಧ್ಯಾಹ್ನವನ್ನೇ ಆರಿಸಿಕೊಂಡು, ಇಬ್ಬರೂ ಕೂತು, ಬೆಟ್ಟಕ್ಕೆ ಹೊರಟೆವು. ಹಿಂದೆ ನಿಂತಿದ್ದ ತಿರುವು ದಾಟಿತು, ಅದರ ಮುಂದಿನದೂ ದಾಟಿತು. ಮೇಲೆ ಹೋಗಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ರೈಸ್ ಇಳಿದು ಡುಗು ಡುಗು ಅಂತ ಕೂತಿತು. ಪ್ಲಗ್ ತೆಗೆದರೆ ಒಳ್ಳೇ ಕಂದು ಬಣ್ಣ. ಅಲ್ಲೇ ಇನ್ನೊಂದು ಸಲ ಇಳಿದು ಹತ್ತಿದ್ದು ಮಾತ್ರ ಪರೀಕ್ಷೆಗೆ ಅಲ್ಲ, ಸುಮ್ನೆ ಖುಷಿಗೆ.

ಬಿಸಿ ಸೈಲೆನ್ಸರಿನಿಂದ ಬರುವ ಸದ್ದು ಇನ್ನೂ ಸರಿಯಿಲ್ಲ, ಸ್ವಲ್ಪ ತಗಡು ತಗಡು. ಹೊಸ ಸೈಲೆನ್ಸರ್‌ಗಳ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಹೆಸರಿಗೆ ಮಾತ್ರ ಇದೆ.

ಕಾಗದ

ಇದನ್ನು ಕೊನೆಗೆ ಇಟ್ಟಿದ್ದೇನೆ, ನೀವು ಮೊದಲು ನೋಡಿ. ಆರ್‌ಸಿ ಪುಸ್ತಕ ಅಪ್ಪನ ಹೆಸರಿನಲ್ಲಿತ್ತು, ಅರ್ಧ ಗೆದ್ದಲು ತಿಂದಿತ್ತು. ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ (ನೋಂದಣಿ ದಾಖಲೆಯ ಪ್ರತಿ) ತೆಗೆಸಿದ್ದರಿಂದ ನಂಬರ್, ಮಾಡೆಲ್, ಯಜಮಾನರ ಹೆಸರು ಖಾತ್ರಿಯಾಯಿತು. ಅಪ್ಪನ ಮರಣ ಪತ್ರ, ವಂಶವೃಕ್ಷ, ಅಮ್ಮನ ಒಪ್ಪಿಗೆ ಇಟ್ಟು ಹೆಸರು ಬದಲಾವಣೆಗೆ ಹಾಕಿದರು.

ಅಲ್ಲಿ ಬಂತು ನೋಡಿ ಫಜೀತಿ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಹ್ಯಾಂಡಲ್ ಕತ್ತಿನ ಹತ್ತಿರ ಕೊರೆದಿರುವ ನಂಬರಿನ ಮೇಲೆ ಹಳೇ ಗ್ಯಾರೇಜಿನವರು ಚೆನ್ನಾಗಿ ಪೌಡರ್ ಕೋಟಿಂಗ್ ಹೊಡೆದು ಗುಂಡಿಯನ್ನೆಲ್ಲ ತುಂಬಿದ್ದರು. ಕಾಗದ ಇಟ್ಟು ಉಜ್ಜಿದರೆ ಬರೀ ಕಪ್ಪು. ಪೇಂಟ್ ರಿಮೂವರ್ ಹಚ್ಚಿ, ಮರದ ಕಡ್ಡಿಯಲ್ಲಿ ಒಂದೊಂದೇ ಅಂಕೆ ಕೆರೆದು ತೆಗೆಯಬೇಕಾಯಿತು. ಉಕ್ಕಿನ ಮೊಳೆ ಬಳಸಿದ್ದರೆ ನಂಬರ್ ತಿದ್ದಿದ ಹಾಗೆ ಕಾಣುತ್ತಿತ್ತು, ಆಗ ದೇವರೇ ಗತಿ. ಗಾಡಿ ಬಣ್ಣಕ್ಕೆ ಕೊಡುವಾಗ ಆ ಜಾಗಕ್ಕೆ ಟೇಪ್ ಹಾಕಿ ಅಂತ ಬರೆದೇ ಕೊಡಿ.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆಗಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಆದ ಮೇಲೆ ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದಕ್ಕೆ ಮಾತ್ರ ರಸ್ತೆಗೆ ತರಬೇಕು, ದಿನಾ ಓಡಿಸುವ ಹಾಗಿಲ್ಲ. ಹುಡುಗನಿಗೆ ಬೇಕಾಗಿದ್ದು ಭಾನುವಾರ ತೋಟಕ್ಕೆ ಹೋಗಿ ಬರುವುದು. ಹಾಗಾಗಿ ಮಾಮೂಲಿ ದಾರಿಯಲ್ಲೇ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿಕೊಂಡ. ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಓಡಿಸದೆ ಇಡಲಿಕ್ಕೆ ಅಷ್ಟೆಲ್ಲ ಕಷ್ಟ ಯಾಕೆ?

ಸೈಲೆನ್ಸರ್ ಹುಡುಕಾಟ ನಡೆಯುತ್ತಿದೆ. ಮೈಸೂರಿನಲ್ಲಿ ಒಂದು ಜೊತೆ, ಬೆಂಗಳೂರಿನ ಗುಜರಿಯಲ್ಲಿ ಇನ್ನೊಂದು ಜೊತೆ ಕಣ್ಣಿಗೆ ಬಿದ್ದವು. ಮೈಸೂರಿನದಕ್ಕೆ ಕ್ರೋಮ್ ಹೊಸದಾಗಿ ಹೊಡೆಸಿ ಫಳಫಳ ಅನ್ನಿಸಿದ್ದರು. ಹುಡುಗ ಹಿಂದಿನ ನಟ್ ಬಿಚ್ಚಿಸಿ, ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ, ಬ್ಯಾಫಲ್ ಇಲ್ಲ ಅಂತ ವಾಪಸ್ ಇಟ್ಟ. ಗುಜರಿಯದು ಹೊರಗೆ ಪೂರ್ತಿ ತುಕ್ಕು, ಒಳಗೆ ಬ್ಯಾಫಲ್ ನೆಟ್ಟಗಿದೆ. ಅದಕ್ಕೆ ಚೌಕಾಸಿ ಇನ್ನೂ ಮುಗಿದಿಲ್ಲ.